ಎಡ ಜೇಬು

"ಮೂರನೇ ಗೇಟು ಇಲ್ಲೇ ಇತ್ತಲ್ವಾ, ತಾತ?"

ಹುಡುಗಿಯ ಪೆನ್ಸಿಲ್ಲು ನಕ್ಷೆಯಲ್ಲಿ ಬಸ್ ನಿಲ್ದಾಣದ ಮೇಲೆ ನಿಂತಿತ್ತು. ಅದು ತಪ್ಪು ಜಾಗ. ದಫೇದಾರರು ತಿದ್ದಲು ಹೋಗಲಿಲ್ಲ. ತಪ್ಪು ಹೇಳಿ ಎದುರಿನವರ ಬಾಯಿಂದ ಸರಿಯಾದದ್ದನ್ನು ಹೊರಡಿಸುವುದು ಒಂದು ಕಾಲದಲ್ಲಿ ಅವರೇ ಬಳಸುತ್ತಿದ್ದ ಉಪಾಯ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮೊದಲು ನಕ್ಷೆಯನ್ನೂ ಆಮೇಲೆ ಹುಡುಗಿಯನ್ನೂ ನೋಡಿದರು.

"ನಿಮ್ಮನ್ನ ಕಳಿಸಿದ್ದು ಯಾರು?"

"ನಗರಸಭೆ ಸಂಗ್ರಹಾಲಯ. ಮೊನ್ನೇನೇ ಹೇಳಿದ್ನಲ್ಲ."

"ಅದು ಸರಿ. ನಗರಸಭೇನ ಕಳಿಸಿದ್ದು ಯಾರು?"

ಹುಡುಗಿ ನಕ್ಕಳು. ದಫೇದಾರರು ನಗಲಿಲ್ಲ. ಈ ಬಡಾವಣೆಯಲ್ಲಿ ನಕ್ಷೆ ಹಿಡಿದು ಬಂದವರು ಯಾರೂ ಸುಮ್ಮನೆ ಬಂದವರಲ್ಲ. ಮೊದಲು ರೈಲಿನವರು ಬಂದರು, ಜೊಂಡು ಬೆಳೆದ ಕೆಸರುನೆಲದಲ್ಲಿ ಹಳಿ ಹಾಕಿದರು. ಆಮೇಲೆ ಕಂಪನಿಯವರು ಬಂದು ಇಟ್ಟಿಗೆ ಗೂಡುಗಳನ್ನು ಕೆಡವಿ ಪಂಪು ಕಾರ್ಖಾನೆ ಕಟ್ಟಿದರು. ಕಾರ್ಖಾನೆ ಮುಚ್ಚಿದ ಮೇಲೆ ಬಂದವರು ಚಾವಣಿ ಬಿಚ್ಚಿ ಮಾರಿದರು. ಕೊನೆಗೆ ಬಂದವರು ಎರಕದ ಮನೆಯಿದ್ದ ಕಡೆ ಹದಿನಾಲ್ಕು ಅಂತಸ್ತಿನ ವಸತಿ ಎಬ್ಬಿಸಿದರು, ಉಳಿದ ಕಡೆ ಗೋದಾಮು ಹಾಕಿದರು. ಈಗ ಈ ಕತ್ತರಿಸಿದ ಕೂದಲಿನ ಹುಡುಗಿ ಬಂದಿದ್ದಾಳೆ. ಬಡಾವಣೆಯ ಚರಿತ್ರೆಗೆ ಒಂದು ಕೋಣೆ ಮಾಡುತ್ತಾರಂತೆ. ಇಷ್ಟು ದಿನ ಇಲ್ಲದ ಚರಿತ್ರೆ ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತು?

ಆ ಕೋಣೆ ಬೇರೆ ಯಾವುದೂ ಅಲ್ಲ, ಕೆಲಸಗಾರರ ಹಾಜರಿ ಹಾಕುತ್ತಿದ್ದ ಹಳೆಯ ಟೈಮ್ ಆಫೀಸು. ಕಾರ್ಖಾನೆಯಲ್ಲಿ ಕೆಡವದೆ ಉಳಿದದ್ದು ಅದು, ಅದಕ್ಕೆ ಅಂಟಿಕೊಂಡ ಕಬ್ಬಿಣದ ದೊಡ್ಡ ಗೇಟು, ಎರಡು ಮಾತ್ರ. ಶಿಫ್ಟು ಬಿಟ್ಟಾಗ ಕೆಲಸಗಾರರು ಈ ಗೇಟಿನ ಮುಂದೆ ಸಾಲಾಗಿ ನಿಂತು, ಊಟದ ಡಬ್ಬಿ ತೆರೆದು ತೋರಿಸಿ, ಎರಡೂ ಕೈ ಎತ್ತಿ ಮೈ ತಡಕಿಸಿಕೊಂಡು ಹೊರಗೆ ಹೋಗುತ್ತಿದ್ದರು. ತಡಕುತ್ತಿದ್ದವರು ಗೇಟಿನ ಕಾವಲಿಗೆ ಮುಖ್ಯಸ್ಥರಾಗಿದ್ದ ದಫೇದಾರರು. ಯಾವಾಗಲೂ ಎಡ ಜೇಬಿನಿಂದ ಶುರು. ಬಲ ಜೇಬಿನಲ್ಲಿ ಬೆಂಕಿಪೊಟ್ಟಣ, ಬಸ್ಸಿನ ಚಿಲ್ಲರೆ ಇರುತ್ತದೆ, ಕಳ್ಳಮಾಲು ಎಡಕ್ಕೇ ಹೋಗುತ್ತದೆ ಎಂಬುದು ಅವರ ಶಾಸ್ತ್ರ. ಅವರು ಬಿಡುತ್ತಿದ್ದವರು ಯಾರೂ ಇರಲಿಲ್ಲ. ಮ್ಯಾನೇಜರರ ಕಾರಿನ ಸೀಟು ಎತ್ತಿಸಿ ನೋಡಿದ್ದರು. ಊರಿಗೆಲ್ಲ ಅವರು ಈಗಲೂ ದಫೇದಾರರೇ. ಬೆನ್ನ ಹಿಂದೆ ಮಾತ್ರ ತಡಕಪ್ಪ.

"ಮೂರನೇ ಗೇಟು ಅಲ್ಲಲ್ಲ, ಇಲ್ಲಿ" ಎಂದು ಕೊನೆಗೆ ಬೆರಳಿಟ್ಟರು. ತಪ್ಪು ನಕ್ಷೆಯನ್ನು ನೋಡಿಕೊಂಡು ಕೂರುವುದು ಅವರಿಂದ ಆಗಲಿಲ್ಲ. "ಅದು ಬರೀ ಸೌದೆ ಗಾಡಿ ಬರೋ ಗೇಟು. ನಾನು ಬಂದ ವರ್ಷವೇ ಇಟ್ಟಿಗೆ ಹಾಕಿ ಮುಚ್ಚಿಸಿದೆ. ಹೆಸರು ಮಾತ್ರ ಬಸ್ ನಿಲ್ದಾಣಕ್ಕೆ ಅಂಟ್ಕೊಂಡು ಬಸ್ಸಿನವರ ಬಾಯಲ್ಲಿ ಉಳೀತು."

ಹುಡುಗಿಯ ನಕ್ಷೆ ಒಂದೇ ಹಾಳೆಯದಲ್ಲ. ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಹಾಕಿದ್ದಳು. ಎಲ್ಲಕ್ಕಿಂತ ಕೆಳಗೆ ಕೆಸರುನೆಲ ಮತ್ತು ಇಟ್ಟಿಗೆ ಗೂಡು, ಅದರ ಮೇಲೆ ರೈಲು ಮತ್ತು ಕಾರ್ಖಾನೆ, ಅದರ ಮೇಲೆ ಕೆಲಸಗಾರರ ಲೈನು ಮನೆಗಳು, ಮೇಲೆ ಈವತ್ತಿನದು. ಒಂದು ಖಾಲಿ ಹಾಳೆ ಹಾಸಿ ದಫೇದಾರರ ಕೈಗೆ ನೀಲಿ ಪೆನ್ನು ಕೊಟ್ಟಳು. ಅವರು ಗೋಡೆ ಎಳೆದರು, ಗೇಟು ಗುರುತು ಮಾಡಿದರು. ಆಮೇಲೆ ಯಾರೂ ಕೇಳದೆ, ಆ ಗೋಡೆಯಲ್ಲಿದ್ದ ಒಂದೊಂದು ತೂತನ್ನೂ ಗುರುತು ಮಾಡಿದರು. ಅವರ ತಲೆಯಲ್ಲಿ ಬಡಾವಣೆ ಇದ್ದದ್ದೇ ಹಾಗೆ, ಮಾಲು ಸೋರುವ ಜಾಗಗಳ ನಕ್ಷೆಯಾಗಿ.

"ಇಲ್ಲಿ ಕಾರ್ಖಾನೆ ಕೊಳೆನೀರಿನ ಕರಿಗಾಲುವೆ ಗೋಡೆ ಅಡಿಯಿಂದ ಹೊರಗೆ ಹೋಗುತ್ತೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿ, ಅದಕ್ಕೆ ಹಿತ್ತಾಳೆ ಕಟ್ಟಿ ತೇಲಿಬಿಡೋರು. ಸರಳು ಹಾಕಿಸಿದೆ. ಇಲ್ಲಿ ಸುಟ್ಟ ಮರಳು ಸುರಿಯೋ ಗುಡ್ಡ, ಅದು ಬೆಳೆದೂ ಬೆಳೆದೂ ಗೋಡೆ ಎತ್ತರಕ್ಕೆ ಬಂದಿತ್ತು. ಗೋಡೆ ಮೇಲೆ ಗಾಜು ನೆಡಿಸಿದೆ. ಇಲ್ಲಿ ರೈಲು ಒಳಗೆ ಬರೋ ದಾರಿ. ವ್ಯಾಗನ್ನಿನ ಕೆಳಗೆ ನಾನೇ ಮಲಗಿ ನೋಡ್ತಿದ್ದೆ."

"ಹಾಗಾದ್ರೆ ಏನೂ ಹೊರಗೆ ಹೋಗಿಲ್ಲ?"

"ಮೊನ್ನೆ ನಿಮ್ಮ ಪೆಟ್ಟಿಗೇಲಿ ಹೇಳಿದ್ದೀನಲ್ಲ."

ಹೇಳಿದ್ದರು. ಹುಡುಗಿಯ ಪುಟ್ಟ ಯಂತ್ರದ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, "ನಾನು ನಿಂತ ಗೇಟಿಂದ ಒಂದು ಮೊಳೆ ಕೂಡ ಹೊರಗೆ ಹೋಗಿಲ್ಲ" ಎಂದಿದ್ದರು. ಭಾನುವಾರ ಕೋಣೆ ತೆರೆದ ಮೇಲೆ ಬಂದವರಿಗೆಲ್ಲ ಆ ಮಾತು ಅವರದೇ ಧ್ವನಿಯಲ್ಲಿ ಕೇಳಲಿತ್ತು.

ಹುಡುಗಿ ಎದ್ದು ಮೂಲೆಯ ಕಪಾಟಿನ ಮೇಲಿದ್ದ ಬಟ್ಟೆ ಸರಿಸಿದಳು. ಬಾಗಿಲ ಚಿಲಕ, ಕೀಲು, ಡ್ರಾಯರು ಎಳೆಯುವ ಗುಬ್ಬಿ, ತರಕಾರಿ ಚಾಕುವಿನ ಹಿಡಿ, ಮಕ್ಕಳ ಬುಗುರಿ. ಎಲ್ಲ ಹಿತ್ತಾಳೆ. ಅಂಗಡಿಯ ಮಾಲಲ್ಲ ಎಂಬುದು ದೂರದಿಂದಲೇ ಗೊತ್ತಾಗುತ್ತಿತ್ತು. ಅಂಗಡಿಯವನು ಒಂದು ಚಿಲಕಕ್ಕೆ ಇಷ್ಟು ಹೊಳಪು ಕೊಡುವುದಿಲ್ಲ.

"ಹಳೇ ಸಾಮಾನು ಇದ್ರೆ ಕೊಡಿ ಅಂತ ಮನೆ ಮನೆಗೆ ಹೋದೆ. ಮೊದಲು ಯಾರೂ ಬಾಗಿಲೇ ತೆಗೀಲಿಲ್ಲ. ಆಮೇಲೆ ಒಬ್ಬರು ಕೊಟ್ಟರು ನೋಡಿ, ಎಲ್ಲರೂ ಶುರು ಮಾಡಿದ್ರು. ಮೆಷಿನ್ನು ಖಾಲಿ ಇದ್ದಾಗ ಚೂರುಪಾರು ಹಿತ್ತಾಳೇಲಿ ಮನೆಗೆ ಬೇಕಾದ್ದು ಮಾಡ್ಕೊಳ್ತಿದ್ರಂತೆ. 'ಮನೆಸಾಮಾನು' ಅಂತಲೇ ಹೆಸರಂತೆ."

ದಫೇದಾರರು ಒಂದು ಚಿಲಕವನ್ನು ಕೈಗೆತ್ತಿಕೊಂಡರು. ಪಂಪಿನ ಮುಚ್ಚಳಕ್ಕೆ ಬಳಸುತ್ತಿದ್ದ ಹಳದಿ ಹಿತ್ತಾಳೆ. ಸಂಶಯವೇ ಇಲ್ಲ.

"ಯಾವ ತೂತಿಂದ ಹೋಯ್ತು ಅಂತ ನನಗೂ ತಿಳ್ಕೋಬೇಕು ಅನ್ನಿಸ್ತು" ಎಂದು ಹುಡುಗಿ ಇನ್ನೊಂದು ಹಾಳೆ ತಂದು ಅವರ ಹಾಳೆಯ ಮೇಲೆ ಹೊದಿಸಿದಳು. ಅದರಲ್ಲಿ ಕೆಂಪು ಚುಕ್ಕಿಗಳು ಮಾತ್ರ ಇದ್ದವು. ಸಾಮಾನು ಸಿಕ್ಕ ಅಥವಾ ಕಂಡ ಒಂದೊಂದು ಮನೆಗೂ ಒಂದೊಂದು ಚುಕ್ಕಿ.

ದಫೇದಾರರು ಬಗ್ಗಿ ನೋಡಿದರು. ಕಾಲುವೆಯ ಪಕ್ಕ ಚುಕ್ಕಿ ಇರಲಿಲ್ಲ. ಮರಳುಗುಡ್ಡದ ಹಿಂದಿನ ಓಣಿಗಳಲ್ಲಿ ಒಂದೆರಡು. ರೈಲುಹಳಿಯ ಕಡೆ ಒಂದೂ ಇಲ್ಲ. ಬೆಲ್ಲ ಬಿದ್ದಲ್ಲಿ ಇರುವೆ ಮುತ್ತಿದಂತೆ ಚುಕ್ಕಿಗಳೆಲ್ಲ ಒಂದೇ ಕಡೆ ಮುತ್ತಿದ್ದವು, ಅಲ್ಲಿಂದ ದೂರ ಹೋದಂತೆ ವಿರಳವಾಗಿದ್ದವು.

"ಇದು ಯಾವ ಬೀದಿ ತಾತ?"

"ಎರಡನೇ ಲೈನು" ಎಂದರು. ಕನ್ನಡಕ ಸರಿಮಾಡಿಕೊಂಡು, "ನಮ್ಮದು" ಎಂದರು.

ಹುಡುಗಿ ಹಾಳೆಯ ಅಂಚು ನೇರ ಮಾಡಿದಳು. ಅವಳಿಗೆ ಆಶ್ಚರ್ಯವಾಗದ್ದನ್ನು ದಫೇದಾರರು ಗಮನಿಸಿದರು. ಗೊತ್ತಿದ್ದೂ ಕೇಳುತ್ತಿದ್ದಾಳೆ. ಭಾನುವಾರ ಈ ಕಪಾಟಿನ ಪಕ್ಕದಲ್ಲೇ ತನ್ನ ಧ್ವನಿ ಹಾಕುತ್ತಾಳೆ. ಊರು ಬಿದ್ದು ಬಿದ್ದು ನಗುತ್ತದೆ.

"ನಾನು ಹೇಳಿದ್ದು ಇದೆಯಲ್ಲ, ಅದನ್ನ ಅಳಿಸೋಕಾಗುತ್ತಾ?"

"ಆಗುತ್ತೆ. ಸುಳ್ಳಾ ತಾತ ಅದು?"

"ನಾನು ಸುಳ್ಳು ಹೇಳೋನಲ್ಲ!"

"ಹಾಗಾದ್ರೆ ಇರಲಿ ಬಿಡಿ."

"ಭಾನುವಾರದೊಳಗೆ ಹೇಳ್ತೀನಿ" ಎಂದು ದಫೇದಾರರು ಕೋಲು ತೆಗೆದುಕೊಂಡರು. ಕಳ್ಳ ಯಾರೆಂದು ತಿಳಿಯದೆ ಆ ಮಾತನ್ನು ಉಳಿಸಿಕೊಳ್ಳುವಂತಿರಲಿಲ್ಲ, ಅಳಿಸುವಂತೆಯೂ ಇರಲಿಲ್ಲ. ಅಳಿಸಿದರೆ ಅವರ ನೌಕರಿಯಲ್ಲಿ ಉಳಿಯುವುದಾದರೂ ಏನು? ಇಡೀ ಬೀದಿ ಮುಖ ತಿರುಗಿಸಿಕೊಂಡದ್ದು ಆ ಒಂದು ಮಾತಿಗಾಗಿ.

ಮನೆಗೆ ಹೋಗುವ ದಾರಿ ಅದೇ ಹಳೆಯದು. ಆದರೆ ಈವತ್ತು ಪ್ರತಿ ಬಾಗಿಲೂ ಅವರನ್ನು ಅಣಕಿಸಿತು. ಮರಳುಗುಡ್ಡವನ್ನು ಸಮ ಮಾಡಿ ಕಟ್ಟಿದ ಮನೆಗಳ ಗೋಡೆಗಳಲ್ಲಿ ಬಿರುಕು. ಬಿರುಕುಬಿಟ್ಟ ಗೋಡೆಯಲ್ಲಿ ಹಿತ್ತಾಳೆ ಕೀಲು. ಮೊದಲನೇ ಲೈನಿನ ಹಾಲಿನ ಡೈರಿಯ ಗಲ್ಲಾಪೆಟ್ಟಿಗೆಗೆ ಹಿತ್ತಾಳೆ ಗುಬ್ಬಿ. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು? ಅಲ್ಲೇ ಇದ್ದವು. ಗೇಟು ದಾಟಿದ ಮೇಲೆ ದಫೇದಾರರು ಏನನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣಿನ ಸರಹದ್ದು ಗೋಡೆಗೇ ಮುಗಿಯುತ್ತಿತ್ತು.

ಎರಡನೇ ಲೈನಿನಲ್ಲಿ, ತಮ್ಮ ಮನೆಗೆ ಒತ್ತಿಕೊಂಡ ಮನೆಯ ಜಗಲಿಯ ಮೇಲೆ ಲೇತಪ್ಪ ಕೂತಿದ್ದ. ಲೇತ್ ಮೆಷಿನ್ನಿನ ಮುಂದೆ ನಿಂತೂ ನಿಂತೂ ಕಿವಿ ಮಂದವಾಗಿ, ಗುಟ್ಟನ್ನೂ ಕೂಗಿಯೇ ಹೇಳುವ ಮನುಷ್ಯ. ಇವನೇ ಎಂದು ದಫೇದಾರರಿಗೆ ಅರ್ಧ ಖಚಿತವಾಗಿತ್ತು.

"ಆ ಚಿಲಕ ನಿನ್ನ ಕೈಕೆಲಸ" ಎಂದರು, ಪೀಠಿಕೆಯಿಲ್ಲದೆ.

"ಯಾವ್ದು? ಕಪಾಟಿನ ಎಡಗಡೇದಾ? ಅದು ನಂದೇ!" ಲೇತಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ. "ಹೇಗಿದೆ? ಒಂದು ಕೂದಲಿನಷ್ಟು ಅಲ್ಲಾಡಲ್ಲ."

"ಹೊರಗೆ ಹೇಗೆ ತಂದೆ?"

"ನಾನೆಲ್ಲಿ ತಂದೆ? ದಿನಾ ನೀವೇ ತಡಕ್ತಿದ್ರಲ್ಲ. ನನ್ನ ಸೊಂಟದ ಅಳತೆ ನನ್ನ ಹೆಂಡ್ತಿಗಿಂತ ನಿಮಗೇ ಚೆನ್ನಾಗಿ ಗೊತ್ತಿತ್ತು."

"ಮತ್ತೆ ಯಾರು ತಂದ್ರು? ಎರಡನೇ ಶಿಫ್ಟಿನ ವಾಚ್‌ಮನ್ನಾ? ಅವನ ಮೇಲೆ ನನಗೆ ಮೊದಲಿಂದಲೂ ಅನುಮಾನ."

"ಪಾಪ, ಸತ್ತವರನ್ನ ಯಾಕೆ ಎಳೀತೀರಿ."

"ಹಾಗಾದ್ರೆ ಬೇಲಿಯೇ ಎದ್ದು ಹೊಲ ಮೇಯ್ತು ಅಂತೀಯಾ?"

ಲೇತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಛೆ ಛೆ, ಬೇಲಿ ಮೇಯ್ಲಿಲ್ಲ ದಫೇದಾರ್ರೇ. ಬೇಲಿ ಬಲು ನಿಯತ್ತಿಂದು. ನಾವು ಅದರ ಮೇಲೆ ಬಟ್ಟೆ ಒಣಹಾಕಿದ್ವಿ, ಅಷ್ಟೇ."

ದಫೇದಾರರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ತೋರಿಸಿಕೊಳ್ಳುವುದೂ ಬೇಡವಾಗಿ ಒಳಗೆ ಹೋದರು.

ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಕ್ಷೆ, ಚುಕ್ಕಿ, ಲೇತಪ್ಪನ ನಗು, ಎಲ್ಲವನ್ನೂ ಹೇಳಿದರು. ಅವಳು ತಲೆಯೆತ್ತದೆ ಕೇಳಿದಳು.

"ಸತ್ತ ಕಾರ್ಖಾನೆಗೆ ಈಗ ಯಾಕ್ರೀ ಪೋಸ್ಟ್‌ಮಾರ್ಟಂ?"

"ನನ್ನ ಮಾತಿನ ಪ್ರಶ್ನೆ ಅದು."

"ಆ ಮಾತು ತೆಗೆಸಿಬಿಡಿ. ಹುಡುಗಿ ಆಗುತ್ತೆ ಅಂದಳಲ್ಲ."

"ಅಂದ್ರೆ ನಾನು ಸುಳ್ಳ ಅಂತ ಒಪ್ಕೊಂಡ ಹಾಗೆ."

"ಕಳ್ಳ ಸಿಕ್ಕಿದ ಅಂತಲೇ ಇಟ್ಕೊಳ್ಳಿ. ಹಿಡ್ಕೊಂಡು ಹೋಗಿ ಎಲ್ಲಿ ಒಪ್ಪಿಸ್ತೀರಿ? ಗೋದಾಮಿನವರಿಗಾ?" ಅವಳು ಹುರುಳಿಕಾಯಿಯನ್ನು ಪಟಕ್ಕನೆ ಮುರಿದಳು. "ಕೈಕಾಲು ತೊಳ್ಕೊಳ್ಳಿ."

ಈ ಉತ್ತರವನ್ನು ಬೇರೆ ಯಾರಾದರೂ ಗೇಟಿನಲ್ಲಿ ನಿಂತು ಕೊಟ್ಟಿದ್ದರೆ ದಫೇದಾರರು ಅವರನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಆದರೆ ಇದು ಮನೆ. ಕೈಕಾಲು ತೊಳೆದುಕೊಂಡರು.

ಮಾರನೇ ದಿನ ಅವರು ಬೀದಿಯ ಕೊನೆಯ ಮನೆಗೆ ಹೋದರು. ಹುಡುಗಿಯ ಹಾಳೆಯಲ್ಲಿ ಆ ಮನೆಯ ಮೇಲೂ ಚುಕ್ಕಿಯಿತ್ತು. ಬೇರೆ ಯಾವ ಚುಕ್ಕಿಯೂ ಅಷ್ಟು ಚುಚ್ಚಿರಲಿಲ್ಲ.

ಅದು ಕುಲುಮೆಯಮ್ಮನ ಮನೆ. ಆಕೆಯ ಗಂಡ ಹಿತ್ತಾಳೆ ಕರಗಿಸುವ ಕುಲುಮೆಯ ಮುಂದೆ ಕೆಲಸಕ್ಕಿದ್ದ. ಬೀದಿಗೆಲ್ಲ ಒಂದೇ ನಲ್ಲಿ ಇದ್ದ ಕಾಲ ಹೋಗಿ, ನಗರಸಭೆ ಮನೆಮನೆಗೆ ಕೊಳವೆ ಎಳೆಯುತ್ತಿದ್ದ ವರ್ಷದ ಮಾತು. ಕೊಳವೆ ನಗರಸಭೆಯದು, ನಲ್ಲಿ ಮಾತ್ರ ನೀವೇ ಹಾಕಿಕೊಳ್ಳಿ ಎಂದಿದ್ದರು. ಕುಲುಮೆಯವನು ಒಂದು ಸಂಜೆ ಊಟದ ಡಬ್ಬಿಯಲ್ಲಿ ನಲ್ಲಿಯಿಟ್ಟು ಅದರ ಮೇಲೆ ಅನ್ನ ಮುಚ್ಚಿಕೊಂಡು ಬಂದಿದ್ದ. ಊಟ ಮಾಡದೆ ಉಳಿಸಿದ ಅನ್ನ! ಎರಕದ ಮನೆಯ ಆಳು ಊಟ ಉಳಿಸುತ್ತಾನೆಯೇ? ದಫೇದಾರರು ಬೆರಳು ಹಾಕಿ ನೋಡಿದರು. ವಾರದೊಳಗೆ ಕುಲುಮೆಯವನ ಕೆಲಸ ಹೋಯಿತು. ಆಮೇಲೆ ಅವನು ಇಟ್ಟಿಗೆ ಹೊತ್ತ, ವ್ಯಾಗನ್ನಿಗೆ ಮೂಟೆ ಹೊತ್ತ, ಬೇಗ ತೀರಿಕೊಂಡ. ಕುಲುಮೆಯಮ್ಮ ಅಂದಿನಿಂದ ದಫೇದಾರರ ಜೊತೆ ಮಾತಾಡಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಆಕೆ ಹಿತ್ತಲ ಕಟ್ಟೆಯಲ್ಲಿ ಪಾತ್ರೆ ಜೋಡಿಸುತ್ತಿದ್ದರು. ದಫೇದಾರರು ಹೊಸ್ತಿಲಲ್ಲೇ ನಿಂತು ಕೆಮ್ಮಿದರು.

"ಬಂದ್ರಾ" ಎಂದರು ಕುಲುಮೆಯಮ್ಮ. ಇಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು. ನಿನ್ನೆಯಷ್ಟೇ ನಿಲ್ಲಿಸಿದ ಮಾತಿನ ಮುಂದುವರಿಕೆಯಂತಿತ್ತು. "ಒಳಗೇ ಬನ್ನಿ. ಅಲ್ಲಿಂದ ಕಾಣಲ್ಲ."

ಹಿತ್ತಲ ಗೋಡೆಯಲ್ಲಿ ನಲ್ಲಿಯಿತ್ತು. ಮೋಟು ಕತ್ತು, ಎರಡು ಕಿವಿಯ ತಿರುಪು. ದಫೇದಾರರಿಗೆ ಅದರ ಅಚ್ಚು ನೆನಪಿತ್ತು. ಅಂದು ಅನ್ನದ ಅಡಿಯಿಂದ ತೆಗೆದು ಮ್ಯಾನೇಜರರ ಮೇಜಿನ ಮೇಲಿಟ್ಟದ್ದು ಇದರ ಅಣ್ಣನೋ ತಮ್ಮನೋ ಆಗಿರಬೇಕು.

"ಇದು ಯಾವಾಗ ಬಂತು?"

"ನಮ್ಮವರ ಕೆಲಸ ಹೋದ ವರ್ಷವೇ."

"ಯಾರು ತಂದ್ಕೊಟ್ರು?"

"ಕೊಟ್ಟವರು ಕೊಟ್ರು. ಇಷ್ಟು ವರ್ಷ ಕೇಳದವರಿಗೆ ಇವತ್ತೇನು ಅವಸರ?" ಕುಲುಮೆಯಮ್ಮ ಮಾಡಿನ ಸಂದಿಯಿಂದ ನೂಲಿನ ಚಿಂದಿಯ ಉಂಡೆಯೊಂದನ್ನು ಎಳೆದು ನಲ್ಲಿಯ ಕತ್ತು ಒರೆಸಿದರು. ಒರೆಸುವಷ್ಟು ಕೊಳೆಯೇನೂ ಅಲ್ಲಿರಲಿಲ್ಲ. "ಬೇಕಾದ್ರೆ ಬಿಚ್ಕೊಂಡು ಹೋಗಿ. ಒಂದು ಸಲ ಅಭ್ಯಾಸ ಆಗಿದೆಯಲ್ಲ."

ದಫೇದಾರರು ನಲ್ಲಿ ನೋಡುತ್ತಿರಲಿಲ್ಲ. ಆಕೆಯ ಕೈಯ ಉಂಡೆಯನ್ನು ನೋಡುತ್ತಿದ್ದರು. ಬಿಳಿ ನೂಲಿನ ನಡುವೆ ಒಂದು ನೀಲಿ ಎಳೆ.

ಆ ನೀಲಿ ಎಳೆ ಅವರದೇ ಬುದ್ಧಿ. ಯಂತ್ರದ ಎಣ್ಣೆ ಒರೆಸುವ ನೂಲು ಉಗ್ರಾಣದಿಂದ ಕಳುವಾಗುತ್ತಿದೆ ಎಂದು ದೂರು ಬಂದಾಗ, ಪ್ರತಿ ಹಿಡಿಯಲ್ಲೂ ಒಂದು ನೀಲಿ ದಾರ ಸೇರಿಸಿ ಎಂದು ಹೇಳಿದವರು ಅವರು. ಹೊರಗೆಲ್ಲಾದರೂ ಕಂಡರೆ ಕೂಡಲೇ ಗೊತ್ತಾಗಬೇಕು. ಮ್ಯಾನೇಜರರು ಬೆನ್ನು ತಟ್ಟಿದ್ದರು. ಆದರೆ ಹೊರಗೆಲ್ಲೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಈ ನೂಲು ಎಲ್ಲಿಂದ?"

"ನಲ್ಲೀನ ಸುತ್ತಿ ತಂದಿದ್ದು ಇದರಲ್ಲೇ" ಎಂದರು ಕುಲುಮೆಯಮ್ಮ. "ಸುತ್ತದೆ ಇದ್ರೆ ಸದ್ದು ಮಾಡುತ್ತಲ್ಲ."

ಬೀದಿಯಲ್ಲಿ ಬರುತ್ತ ದಫೇದಾರರು ಆ ಕೊನೆಯ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದರು. ಯಾವುದರೊಳಗೆ ಸದ್ದು ಮಾಡುತ್ತದೆ? ಜೇಬಿನಲ್ಲಿ ಸದ್ದಾಗುವುದಿಲ್ಲ. ಚೀಲದಲ್ಲೂ ಇಲ್ಲ. ಲೋಹದೊಳಗೆ ಲೋಹ ಇಟ್ಟರೆ ಮಾತ್ರ.

ಹೆಂಡತಿ ಮನೆಯಲ್ಲಿರಲಿಲ್ಲ, ಡೈರಿಗೆ ಹೋಗಿದ್ದಳು. ಅಂಗಳದಲ್ಲಿ ಒರಗಿಸಿದ್ದ ಸೈಕಲ್ಲಿನ ಮೇಲೆ ಕಣ್ಣು ಬಿತ್ತು. ಈಗ ತುಳಿಯಲಾಗದಿದ್ದರೂ ಅವರು ಅದರ ಸರಪಣಿಗೆ ಆಗಾಗ ಎಣ್ಣೆ ಹಾಕಿ ಒರೆಸುತ್ತಿದ್ದರು. ಒರೆಸಲು ನೂಲಿನ ಉಂಡೆ ಕೇಳಿದಾಗಲೆಲ್ಲ ಹೆಂಡತಿಯೇ ಒಳಗಿನಿಂದ ತಂದುಕೊಡುತ್ತಿದ್ದಳು. ಎಣ್ಣೆ ಕುಡಿದು ಕಪ್ಪಾದ ಉಂಡೆ. ಯಾವಾಗಲೂ ಕಪ್ಪು.

ಅಡುಗೆಮನೆಗೆ ಹೋದರು. ಅವರು ಅಲ್ಲಿ ಏನನ್ನೂ ಹುಡುಕಿ ಗೊತ್ತಿರಲಿಲ್ಲ. ಒಲೆಕಟ್ಟೆಯ ಕೆಳಗೆ ದೊಡ್ಡ ತಗಡಿನ ಡಬ್ಬವಿತ್ತು. ಮೇಲಿನ ಕಪ್ಪು ಉಂಡೆಗಳನ್ನು ತೆಗೆದು ಕೆಳಗೆ ಕೈ ಇಳಿಸಿದರು. ತಳದಲ್ಲಿದ್ದವು ಇನ್ನೂ ಬೆಳ್ಳಗಿದ್ದವು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೀಲಿ ಎಳೆ. ಇನ್ನೊಂದು. ಅದರಲ್ಲೂ.

ಉಂಡೆಗಳನ್ನು ನೆಲದ ಮೇಲೆ ಇಟ್ಟರು. ಆಮೇಲೆ ಸ್ಟೂಲು ಎಳೆದು ಹತ್ತಿ, ಅಟ್ಟದಿಂದ ಹಿತ್ತಾಳೆಯ ಊಟದ ಕ್ಯಾರಿಯರನ್ನು ಇಳಿಸಿದರು. ನೌಕರಿಯುದ್ದಕ್ಕೂ ಅವರ ಬುತ್ತಿ ಹೋದದ್ದು ಇದರಲ್ಲೇ. ಮಧ್ಯಾಹ್ನ ಉಂಡ ಮೇಲೆ ಕ್ಯಾಂಟೀನಿನ ಮುದುಕ ಬಂದು ಒಯ್ಯುತ್ತಿದ್ದ, ತೊಳೆದು, ಕಂಬಿ ಸಿಕ್ಕಿಸಿ, ಗೇಟಿನ ಕೋಣೆಯಲ್ಲಿಟ್ಟು ಹೋಗುತ್ತಿದ್ದ. ಸಂಜೆ ಅದನ್ನು ಸೈಕಲ್ಲಿನ ಹಿಡಿಗೆ ನೇತುಹಾಕಿಕೊಂಡು ಬಂದು ಹೆಂಡತಿಯ ಕೈಗೆ ಕೊಡುತ್ತಿದ್ದರು. ಖಾಲಿಯಾದರೂ ಕೈ ಜಗ್ಗುತ್ತಿತ್ತು. "ಹಗುರದ್ದು ಒಂದು ಸ್ಟೀಲಿಂದು ತಗೊಳ್ಳೋಣ ಕಣೇ" ಎಂದು ಎಷ್ಟೋ ಸಲ ಹೇಳಿದ್ದರು. "ನಮ್ಮಪ್ಪ ಕೊಟ್ಟಿದ್ದು. ತೂಕ ಇದ್ರೇನೇ ಪಾತ್ರೆ" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಕಂಬಿ ಎತ್ತಿ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿದರು. ಮೇಲಿನವು ಒಳಗೆ ನುಣ್ಣಗಿದ್ದವು. ಎಲ್ಲಕ್ಕಿಂತ ಕೆಳಗಿನದರ ತಳದಲ್ಲಿ ಗೀರುಗಳಿದ್ದವು. ಚಮಚದ ಗೀರಲ್ಲ. ಮೂಲೆಯುಳ್ಳ, ಭಾರವಾದ ಏನೋ ಒಂದು, ಒಂದೇ ದಿನವಲ್ಲ, ಕೂತು ಎದ್ದು ಮಾಡಿದ ಗೀರುಗಳು.

ಹಾಲಿನ ಪಾತ್ರೆ ಹಿಡಿದು ಒಳಗೆ ಬಂದ ಹೆಂಡತಿ ನೆಲದ ಮೇಲೆ ಹರಡಿದ ಡಬ್ಬಿಗಳನ್ನು, ನೂಲನ್ನು, ಸ್ಟೂಲಿನ ಮೇಲೆ ಕೂತ ಗಂಡನನ್ನು ನೋಡಿದಳು. ಹಾಲನ್ನು ಒಲೆಯ ಮೇಲಿಟ್ಟು ಬೆಂಕಿ ಸಣ್ಣ ಮಾಡಿದಳು.

"ಹತ್ತಿದ್ರಲ್ಲ ಸ್ಟೂಲು, ಬಿದ್ದಿದ್ರೆ?"

"ನನ್ನ ಕೈಲೇ ಹೊರಿಸಿದೆ."

"ನಿಮ್ಮನ್ನ ಬಿಟ್ರೆ ತಡಕದೆ ಹೊರಗೆ ಬರೋರು ಇನ್ನಾರಿದ್ರು?"

"ದಿನಾ?"

"ದಿನಾ ಯಾಕೆ. ಬೇಕಾದಾಗ."

ದಫೇದಾರರ ಬಳಿಯಿದ್ದ ಪ್ರಶ್ನೆಗಳೆಲ್ಲ ಗೇಟಿನಲ್ಲಿ ಉಪಯೋಗಕ್ಕೆ ಬರುವಂಥವು. "ಯಾಕೆ" ಎಂಬುದು ಅವುಗಳಲ್ಲಿ ಇರಲಿಲ್ಲ. ಯಾಕೆ ಎಂದು ಅವರು ಯಾರನ್ನೂ ಕೇಳಿದವರಲ್ಲ.

ಅವಳೇ ಹೇಳಿದಳು, ಒಲೆಯ ಕಡೆ ಮುಖ ಮಾಡಿ. "ಕುಲುಮೆಯವನ ಕೆಲಸ ಹೋದ ಮಾರನೇ ದಿನ ಬೀದಿ ನಲ್ಲಿಗೆ ಹೋದೆ. ನಮ್ಮ ಕೊಳವೆ ಇನ್ನೂ ಬಂದಿರಲಿಲ್ಲ. ಸಾಲಲ್ಲಿ ನನ್ನ ಕೊಡ ಇಟ್ಟೆ. ಯಾರೋ ಎತ್ತಿ ಹಿಂದಕ್ಕಿಟ್ರು. ಮಾತಿಲ್ಲ, ಬೈಗಳಿಲ್ಲ. ಎತ್ತಿ ಹಿಂದಕ್ಕೆ. ಮತ್ತೆ ಮುಂದೆ ಇಟ್ಟೆ, ಮತ್ತೆ ಹಿಂದಕ್ಕೆ. ನೀರು ನಿಲ್ಲೋವರೆಗೂ ಅದೇ ಆಯ್ತು. ಖಾಲಿ ಕೊಡ ತಗೊಂಡು ಬಂದೆ. ಹಾಗೆ ಎಷ್ಟೋ ದಿನ."

"ನನಗೆ ಹೇಳಬಹುದಿತ್ತು."

"ಹೇಳಿದ್ದಿದ್ರೆ ಹೋಗಿ ಅವರ ಕೊಡಾನೂ ತಡಕಿ ಬರ್ತಿದ್ರಿ" ಎಂದಳು. ಹಾಲು ಸುರುಸುರು ಎನ್ನತೊಡಗಿತು. "ನೀವು ಗೇಟಲ್ಲಿ ಬದುಕ್ತಿದ್ರಿ. ನಾನು ಈ ಬೀದೀಲಿ ಬದುಕಬೇಕಿತ್ತು. ಮೊದಲು ಆ ನಲ್ಲಿ ತರಿಸಿದೆ. ಲೇತಪ್ಪನ ಹೆಂಡತಿ, ಕ್ಯಾಂಟೀನಿನ ಮುದುಕ, ನಾನು, ಮೊದಮೊದಲು ಮೂವರಿಗೇ ಗೊತ್ತಿದ್ದದ್ದು. ಕುಲುಮೆಯಮ್ಮನ ಕೈಗೆ ಕೊಟ್ಟು ಬಂದೆ. ಮಾರನೇ ದಿನ ನನ್ನ ಕೊಡ ಎಲ್ಲರಿಗಿಂತ ಮುಂದಿತ್ತು."

"ನಾನು ಸಿಕ್ಕಿಬಿದ್ದಿದ್ರೆ?"

"ನಿಮ್ಮನ್ನ ಹಿಡಿಯೋರು ನೀವೊಬ್ಬರೇ ಇದ್ದದ್ದು." ಅವಳು ಹಾಲಿಳಿಸಿದಳು. "ಹೆದರಿಕೆ ಇರಲಿಲ್ಲ ಅಂತ ಅಲ್ಲ. ಸಂಜೆ ಸೈಕಲ್ ಬೆಲ್ಲು ಕೇಳೋವರೆಗೂ ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ."

ದಫೇದಾರರು ಆ ಬೆಲ್ಲನ್ನು ನೆನೆದರು. ಬೀದಿಯ ತಿರುವಿನಲ್ಲಿ ಅವರು ಅದನ್ನು ಒತ್ತುತ್ತಿದ್ದರು, ಅವಳು ಬಾಗಿಲಿಗೆ ಬಂದು ನಿಂತಿರುತ್ತಿದ್ದಳು. ನೌಕರಿಯ ದಿನಗಳಲ್ಲಿ ಅವರಿಗೆ ಹಿತವೆನಿಸಿದ್ದ ಒಂದೇ ನೋಟ ಅದು. ತನಗಾಗಿ ಕಾಯುತ್ತಿದ್ದಾಳೆ ಎಂದುಕೊಂಡಿದ್ದರು.

ಡಬ್ಬಿಗಳು ನೆಲದ ಮೇಲೆಯೇ ಉಳಿದವು. ಅವಳು ಅವುಗಳನ್ನು ದಾಟಿಕೊಂಡು ಕೆಲಸ ಮಾಡಿದಳು.

ಭಾನುವಾರ ಬೆಳಿಗ್ಗೆ ದಫೇದಾರರು ಟ್ರಂಕಿನಿಂದ ಖಾಕಿ ಕೋಟು ತೆಗೆದು ಹಾಕಿಕೊಂಡರು. ಭುಜ ಸಡಿಲವಾಗಿತ್ತು. ನೂಲಿನ ಒಂದು ಉಂಡೆಯನ್ನು ಎಡ ಜೇಬಿಗೆ ಹಾಕಿಕೊಂಡರು. ನೆಲದ ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು ಕಂಬಿ ಸಿಕ್ಕಿಸಿದರು.

"ಏನಾದ್ರೂ ತುಂಬಿಸಿಕೊಡ್ಲಾ?" ಎಂದು ಹೆಂಡತಿ ಕೇಳಿದಳು.

"ಖಾಲೀನೇ ಇರಲಿ. ಒಂದು ಸಲ ಖಾಲಿ ಎಷ್ಟು ತೂಗುತ್ತೆ ನೋಡ್ತೀನಿ."

ಅವಳ ತುಟಿಯ ಅಂಚು ಅಲ್ಲಾಡಿತು. ಚಪ್ಪಲಿ ಮೆಟ್ಟಿಕೊಂಡು ಅವಳೂ ಹೊರಟಳು. ಈ ಹಿಂದೆ ಅವಳು ಗೇಟಿನವರೆಗೆ ಬಂದವಳಲ್ಲ.

ಟೈಮ್ ಆಫೀಸಿನ ಮುಂದೆ ಜನ ಸೇರಿದ್ದರು. ಹದಿನಾಲ್ಕು ಅಂತಸ್ತಿನಿಂದ ಇಳಿದು ಬಂದವರು ಮೊಬೈಲಿನಲ್ಲಿ ಗೇಟಿನ ಚಿತ್ರ ಹಿಡಿಯುತ್ತಿದ್ದರು. ಹಳೆಯ ಕೆಲಸಗಾರರು ಗೇಟಿನ ಒಳಮಗ್ಗುಲಲ್ಲಿ ತಮಾಷೆಗೆಂದು ಸಾಲು ನಿಂತಿದ್ದರು. ಕೆಲವರು ಮನೆಯಿಂದ ಊಟದ ಡಬ್ಬಿಯನ್ನೂ ತಂದಿದ್ದರು. ದಫೇದಾರರನ್ನು ಕಂಡದ್ದೇ ಲೇತಪ್ಪ ಎರಡೂ ಕೈ ಎತ್ತಿ, "ಬನ್ನಿ, ಬನ್ನಿ! ಮೆಲ್ಲಗೆ ತಡಕಿ, ಈಗ ಕಚಗುಳಿ ಜಾಸ್ತಿಯಾಗಿದೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಸಾಲಿನ ಹಿಂದೆ ಗೋಡೆಗೆ ಒರಗಿ ಕುಲುಮೆಯಮ್ಮ ಕೋಲು ಹಿಡಿದು ನಿಂತಿದ್ದರು. ಅವರು ನಗಲಿಲ್ಲ.

ಹುಡುಗಿ ಬಾಗಿಲಿಗೆ ಬಂದಳು. ಅವಳ ಕಣ್ಣು ಕ್ಯಾರಿಯರಿನ ಮೇಲೆ ಒಂದು ಕ್ಷಣ ನಿಂತು ಮೇಲೆ ಬಂತು. "ತಾತ, ನಿಮ್ಮ ಮಾತು ಹಾಕ್ಲಾ, ಬಿಡ್ಲಾ?"

"ಹಾಕಮ್ಮ."

"ಇದ್ದ ಹಾಗೇನಾ?"

"ಇದ್ದ ಹಾಗೆ."

ಒಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಅವರದೇ ಧ್ವನಿ, ಖಚಿತವಾಗಿ, ನಿಧಾನವಾಗಿ: ನಾನು ನಿಂತ ಗೇಟಿಂದ ಒಂದು ಮೊಳೆ ಕೂಡ ಹೊರಗೆ ಹೋಗಿಲ್ಲ. ಯಾರೋ ಕಿಸಕ್ಕೆಂದರು. ಲೇತಪ್ಪ ಕಿವಿಗೆ ಕೈ ಹಿಡಿದು "ಏನಂದ್ರು? ಏನಂದ್ರು?" ಎಂದು ಪಕ್ಕದವನನ್ನು ಕೇಳಿದ.

ದಫೇದಾರರು ತಾವು ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೆ ಹೋಗಲಿಲ್ಲ. ಪಕ್ಕದ ಚಿಕ್ಕ ಬಾಗಿಲಿನಿಂದ ಒಳಮಗ್ಗುಲಿಗೆ ಹೋಗಿ, ಸಾಲನ್ನು ದಾಟಿ ಎಲ್ಲರಿಗಿಂತ ಮುಂದೆ ಬಂದು, ಗೇಟಿಗೆ ಮುಖ ಮಾಡಿ ನಿಂತರು. ಎರಡೂ ಕೈ ಎತ್ತಿದರು. ಬಲಗೈಯಲ್ಲಿ ಕ್ಯಾರಿಯರು ತೂಗಾಡುತ್ತಿತ್ತು. ನಗು ಒಂದೊಂದಾಗಿ ನಿಂತಿತು. ಹೊರಗಡೆ ಅವರ ಜಾಗ ಖಾಲಿ ಇತ್ತು. ಅಲ್ಲಿಗೆ ಹೋಗಿ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಎತ್ತಿದ ತೋಳು ನೋಯತೊಡಗಿತು. ಅವರು ಇಳಿಸಲಿಲ್ಲ.

ಕುಲುಮೆಯಮ್ಮ ಗೋಡೆ ಬಿಟ್ಟು ಬಂದರು. ಕೋಲನ್ನು ದಫೇದಾರರ ಹೆಂಡತಿಯ ಕೈಗೆ ಕೊಟ್ಟು, ಗೇಟಿನ ಕಂಬ ಹಿಡಿದುಕೊಂಡು ಹೊರಮಗ್ಗುಲಿಗೆ ದಾಟಿ, ಅವರ ಎದುರು ನಿಂತರು. ಕ್ಯಾರಿಯರಿನ ಕಡೆ ನೋಡಲಿಲ್ಲ. ಗಂಟುಬಿದ್ದ ಬೆರಳುಗಳನ್ನು ಒಟ್ಟು ಸೇರಿಸಿಕೊಂಡು, ಎಡ ಜೇಬಿನಿಂದ ಶುರುಮಾಡಿದರು.